ಪಕ್ಕದಲ್ಲಿ ನಿಲ್ಲುವ ಭರವಸೆ



‘ಧೈರ್ಯವಾಗಿರಿ, ಎಲ್ಲವೂ ಸರಿಹೋಗುತ್ತದೆ’ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡಿಬಿಡುತ್ತೇವೆ! ಆಸ್ಪತ್ರೆಯ ಹಾಸಿಗೆಯ ಬಳಿ, ಸಾವಿನ ಮನೆಯ ಅಂಗಳದಲ್ಲಿ, ನೌಕರಿ ಕಳೆದುಕೊಂಡವರ ಎದುರಿನಲ್ಲಿ ಅದು ತಾನಾಗಿಯೇ ನಾಲಗೆಗೆ ಬರುತ್ತದೆ. ಕೇಳಿದವರ ಕಣ್ಣುಗಳನ್ನು ನೀವು ಎಂದಾದರೂ ಗಮನಿಸಿದ್ದೀರಾ? ಅಲ್ಲಿ ಅನೇಕ ವೇಳೆ ಸಮಾಧಾನಕ್ಕಿಂತ ಒಂಟಿತನವೇ ಹೆಚ್ಚಾಗಿ ಕಾಣುತ್ತದೆ. ಮಾತು ಆಡಿದವರು ಹೊರಟುಹೋಗುತ್ತಾರೆ. ಕಷ್ಟ ಮಾತ್ರ ಅಲ್ಲಿಯೇ ಉಳಿಯುತ್ತದೆ.

ಹಾಗಾದರೆ ಕ್ರೈಸ್ತರ ಪ್ರೋತ್ಸಾಹ ಹೇಗಿರಬೇಕು? ಈ ಪ್ರಶ್ನೆ ಕಾಡಿದಾಗಲೆಲ್ಲ ನನಗೆ ನೆನಪಾಗುವವರು ಸಂತ ಬಾರ್ನಬರು. ಸೈಪ್ರಸ್ ದ್ವೀಪದಲ್ಲಿ ಹುಟ್ಟಿದ ಈ ಲೇವಿಯರ ಮೂಲ ಹೆಸರು ಜೋಸೆಫ. ಬಾರ್ನಬ ಎಂದು ಕರೆದವರು ಪ್ರೇಷಿತರು. ‘ಪ್ರೋತ್ಸಾಹದ ಪುತ್ರ’ ಎಂದು ಅದರ ಅರ್ಥವನ್ನು ಪ್ರೇಷಿತರ ಕಾರ್ಯಕಲಾಪಗಳು ತಿಳಿಸುತ್ತದೆ. ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದ ‘ಪರಾಕ್ಲೆಸಿಸ್’. ಸಂತ ಯೊವಾನ್ನರ ಶುಭಸಂದೇಶದಲ್ಲಿ ಪವಿತ್ರಾತ್ಮರನ್ನು ಕರೆಯುವ ‘ಪರಾಕ್ಲೀತೋಸ್’ ಎಂಬ ಹೆಸರೂ ಅದೇ ಧಾತುವಿನದು. ನಮ್ಮ ಪಕ್ಕದಲ್ಲಿ ನಿಲ್ಲಲು ಕರೆಯಲ್ಪಟ್ಟವರು ಎಂಬುದು ಅದರ ಭಾವ.

ಬಾರ್ನಬರು ಬದುಕಿದ್ದು ಈ ಹೆಸರಿಗೆ ತಕ್ಕಂತೆಯೇ. ದಮಸ್ಕದ ಹಾದಿಯಲ್ಲಿ ಮನಪರಿವರ್ತನೆ ಹೊಂದಿದ ಸೌಲ ಜೆರುಸಲೇಮಿಗೆ ಬಂದಾಗ ಶಿಷ್ಯರೆಲ್ಲರೂ ಹೆದರಿ ದೂರ ಸರಿದರು. ಹೆದರಲು ಕಾರಣವೂ ಇತ್ತು. ಅವರ ಸಹೋದರರನ್ನು ಸೆರೆಮನೆಗೆ ಎಳೆದೊಯ್ದವನು ಇವನೇ. ಆಗ ಬಾರ್ನಬರು ಅವನನ್ನು ಕರೆದುಕೊಂಡು ಹೋಗಿ ಪ್ರೇಷಿತರ ಮುಂದೆ ನಿಲ್ಲಿಸಿ, ಅವನ ಪರವಾಗಿ ಮಾತನಾಡಿದರು. ಸೌಲ ವಂಚಕನಾಗಿದ್ದರೆ ಕೆಡುತ್ತಿದ್ದುದು ಬಾರ್ನಬರ ಹೆಸರು. ಮುಂದೆ ತಾರ್ಸದವರೆಗೂ ಹೋಗಿ ಅವನನ್ನು ಹುಡುಕಿ ಅಂತಿಯೋಕ್ಯಕ್ಕೆ ಕರೆತಂದವರೂ ಅವರೇ. ಯೇಸುವಿನ ಶಿಷ್ಯರಿಗೆ ‘ಕ್ರೈಸ್ತರು’ ಎಂಬ ಹೆಸರು ಮೊದಲು ಬಂದದ್ದು ಆ ಊರಿನಲ್ಲಿ.

ಮಾರ್ಕ ಎಂಬ ಯುವಕ ಧರ್ಮಪ್ರಚಾರದ ಪ್ರಯಾಣವನ್ನು ನಡುವೆಯೇ ಬಿಟ್ಟು ಹಿಂದಿರುಗಿದ್ದ. ಎರಡನೆಯ ಬಾರಿ ಅವನು ಬೇಡವೆಂದು ಪೌಲರು ಪಟ್ಟುಹಿಡಿದರು. ಬಾರ್ನಬರು ಪೌಲರಿಂದ ಅಗಲಿದರೇ ಹೊರತು ಮಾರ್ಕನ ಕೈಬಿಡಲಿಲ್ಲ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಮಾರ್ಕನನ್ನು ಕರೆತರಬೇಕೆಂದೂ ಅವನಿಂದ ತಮಗೆ ಉಪಯೋಗವಿದೆಯೆಂದೂ ಪೌಲರೇ ಕೇಳಿಕೊಳ್ಳುತ್ತಾರೆ!

ನಾನು ಬೆಳೆದ ಧರ್ಮಕೇಂದ್ರದಲ್ಲಿ ಕುಡಿತಕ್ಕೆ ಬಲಿಯಾಗಿ ಎಲ್ಲರಿಂದ ದೂರವಾಗಿದ್ದ ಒಬ್ಬ ತರುಣನಿದ್ದ. ಅವನಿಗೆ ಬುದ್ಧಿ ಹೇಳದವರೇ ಇರಲಿಲ್ಲ. ದೇವಾಲಯದ ಗಂಟೆ ಬಾರಿಸುತ್ತಿದ್ದ ಹಿರಿಯರೊಬ್ಬರು ಮಾತ್ರ ಉಪದೇಶ ಮಾಡದೆ, ‘ನನ್ನ ಕೈ ಸೋತಿದೆ, ಬೆಳಗಿನ ಗಂಟೆ ನೀನು ಹೊಡೆಯಪ್ಪ’ ಎಂದು ಹಗ್ಗವನ್ನು ಅವನ ಕೈಗಿತ್ತರು. ಕೆಲವು ಮುಂಜಾನೆ ಅವನು ಬರಲಿಲ್ಲ. ಆ ದಿನಗಳಲ್ಲಿ ಹಿರಿಯರು ತಾವೇ ಗಂಟೆ ಬಾರಿಸಿದರು. ಮರುದಿನ ಏನೂ ಕೇಳದೆ ಹಗ್ಗವನ್ನು ಮತ್ತೆ ಅವನಿಗೇ ಕೊಟ್ಟರು. ಅವನ ಹೋರಾಟ ಒಂದೆರಡು ವರ್ಷಗಳಲ್ಲಿ ಮುಗಿಯಲಿಲ್ಲ. ಆದರೆ ತನ್ನನ್ನು ಒಬ್ಬರಾದರೂ ನಂಬಿದ್ದಾರೆ ಎಂಬ ಅರಿವು ಅವನನ್ನು ದಿನದಿನವೂ ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಪ್ರಿಯರೇ, ಕಷ್ಟಗಳು ಇಲ್ಲವೆಂದು ನಟಿಸುವ ಆಶಾವಾದ ಮೊದಲ ಬಿರುಗಾಳಿಗೇ ಆರಿಹೋಗುತ್ತದೆ. ನಮ್ಮ ಭರವಸೆಯ ಬೇರು ಶಿಲುಬೆಯಲ್ಲಿದೆ. ಶುಭ ಶುಕ್ರವಾರದ ಕತ್ತಲನ್ನು ಕಂಡೂ ಪುನರುತ್ಥಾನವನ್ನು ಸಾರುವ ವಿಶ್ವಾಸ ನಮ್ಮದು. ಆದುದರಿಂದಲೇ ಬಿದ್ದವರ ಕತ್ತಲಿಗೂ ನಾವು ಅಂಜಬೇಕಾಗಿಲ್ಲ. ದೇವರು ಅವರನ್ನು ಇನ್ನೂ ಕೈಬಿಟ್ಟಿಲ್ಲವೆಂದ ಮೇಲೆ ಕೈಬಿಡಲು ನಾವು ಯಾರು?

ಜೂನ್ 11ರಂದು ಧರ್ಮಸಭೆ ಸಂತ ಬಾರ್ನಬರನ್ನು ಸ್ಮರಿಸುತ್ತದೆ. ಅಲ್ಲಿಯವರೆಗೆ ಕಾಯುವುದೇಕೆ? ಬರುವ ಭಾನುವಾರ ಬಲಿಪೂಜೆಗೆ ಹೋದಾಗ ದೇವಾಲಯದ ಕೊನೆಯ ಬೆಂಚಿನತ್ತ ಒಮ್ಮೆ ನೋಡಿ. ಅಲ್ಲಿ ಯಾರಾದರೂ ಒಂಟಿಯಾಗಿ ಕುಳಿತಿದ್ದರೆ, ಅವರ ಪಕ್ಕದ ಸ್ಥಳ ನಿಮಗಾಗಿಯೇ ಖಾಲಿ ಇರಬಹುದು.