ಬಾಳ್ಳುಪೇಟೆಯ ಮಳೆ ಮತ್ತು ಮನೆಯ ಬಾಳಿಕೆ

ಹಾಸನದಿಂದ ಮಂಗಳೂರು ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟವರಿಗೆ ಆಲೂರಿನ ಸೀಮೆ ದಾಟುತ್ತಿದ್ದಂತೆಯೇ ನೆಲದ ಬಣ್ಣವೂ ಗಾಳಿಯ ತಂಪೂ ಬದಲಾಗುವುದು ಅನುಭವಕ್ಕೆ ಬರುತ್ತದೆ. ರಾಗಿ, ಆಲೂಗೆಡ್ಡೆಗಳ ಹೊಲ ಹಿಂದುಳಿದು ಭತ್ತದ ಗದ್ದೆ, ಗದ್ದೆಯ ಮೇಲಂಚಿಗೆ ಕಾಫಿಯ ತೋಟ, ತೋಟದ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಕಾಣತೊಡಗುತ್ತವೆ. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಈ ಹೊಸ್ತಿಲಿನಲ್ಲಿ, ಸಕಲೇಶಪುರಕ್ಕೆ ಮುನ್ನ ಸಿಗುವ ಊರೇ ಬಾಳ್ಳುಪೇಟೆ. ಹೆದ್ದಾರಿಯೊಂದಿಗೆ ಹಾಸನ-ಮಂಗಳೂರು ರೈಲುಮಾರ್ಗವೂ ಈ ಊರನ್ನು ಹಾದುಹೋಗುತ್ತದೆ.

ಈ ಸೀಮೆಯ ನಿಜವಾದ ಯಜಮಾನ ಮಳೆರಾಯ. ಹಾಸನ ನಗರದಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆಯಾದರೆ, ಸಕಲೇಶಪುರದಲ್ಲಿ ಅದರ ಎರಡು ಪಟ್ಟಿಗೂ ಮೇಲೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ. ಅಂಗಡಿಯಲ್ಲಿ ಥಳಥಳಿಸಿದ ವಸ್ತುವಿನ ನಿಜವಾದ ಗುಣವನ್ನು ಇಲ್ಲಿ ಒಂದೇ ಮಳೆಗಾಲ ಬಯಲಿಗೆಳೆಯುತ್ತದೆ. ಆದಕಾರಣ ಬಾಳಿಕೆಯ ವಸ್ತುವನ್ನು ಆರಿಸುವ ವಿವೇಕವನ್ನು ಈ ಭಾಗದ ಹಳೆಯ ಮನೆಗಳಿಂದ ಕಲಿಯುವುದು ಬಹಳವಿದೆ.

ಮೊದಲಿಗೆ ಮರದ ಮಾತು. ಹಿರಿಯರು ಬಾಗಿಲು, ಮಂಚ, ಪೆಟ್ಟಿಗೆಗಳಿಗೆ ತೇಗ, ಬೀಟೆ, ಹಲಸನ್ನು ಆರಿಸುತ್ತಿದ್ದರು. ತೇಗದಲ್ಲಿ ಸಹಜವಾದ ಎಣ್ಣೆಯಂಶವಿರುವುದರಿಂದ ಗೆದ್ದಲು ಸುಲಭವಾಗಿ ತಟ್ಟದು. ಬೀಟೆ ಭಾರವಾದ, ಗಟ್ಟಿಯಾದ ಮರ. ಹಲಸು ಹೊಸದರಲ್ಲಿ ಹಳದಿಯಾಗಿದ್ದು ವರ್ಷಗಳುರುಳಿದಂತೆ ಕಂದು ಬಣ್ಣಕ್ಕೆ ತಿರುಗಿ ಮತ್ತಷ್ಟು ಚೆಲುವಾಗುತ್ತದೆ. ತೋಟಗಳಲ್ಲಿ ಹೇರಳವಾಗಿರುವ ಸಿಲ್ವರ್ ಓಕ್ ಬೇಗ ಬೆಳೆಯುವ ಮೆದು ಮರ; ಅದರಿಂದ ತಲೆಮಾರಿನ ಬಾಳಿಕೆಯನ್ನು ಬಯಸಬಾರದು. ಇಂದು ಎಲ್ಲೆಡೆ ಕಾಣುವ, ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ ಬೀರು ಒಣ ಊರಿನಲ್ಲಿ ಕೆಲವು ವರ್ಷ ನಿಂತೀತು. ಇಲ್ಲಿಯಾದರೋ ತೇವವನ್ನು ಹೀರಿ ಉಬ್ಬಿಕೊಳ್ಳುತ್ತದೆ, ತಿರುಪುಗಳು ಸಡಿಲಗೊಳ್ಳುತ್ತವೆ. ಉಬ್ಬಿದ ಹಲಗೆಯನ್ನು ಯಾವ ಬಡಗಿಯೂ ಸರಿಪಡಿಸಲಾರ. ಹಳೆಯ ಹಲಸಿನ ಪೆಟ್ಟಿಗೆಯ ಕಾಲು ಮುರಿದರೆ ಬೇರೊಂದು ಕಾಲು ಹಾಕಿಸಬಹುದು. ಬಾಳಿಕೆಯೆಂದರೆ ಮುರಿಯದಿರುವುದಷ್ಟೇ ಅಲ್ಲ. ಮುರಿದರೂ ದುರಸ್ತಿಗೆ ಒಗ್ಗುವುದು.

ಅಡುಗೆಮನೆಗೂ ಇದೇ ಮಾತು ಸಲ್ಲುತ್ತದೆ. ಅಕ್ಕಿರೊಟ್ಟಿಯ ಕಬ್ಬಿಣದ ಕಾವಲಿ ಎಣ್ಣೆ ಕುಡಿದು ಪಳಗಿದಷ್ಟೂ ನಯವಾಗುತ್ತದೆ. ತೊಳೆದೊಡನೆ ಒರೆಸಿ, ಒಲೆಯ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿಟ್ಟರೆ ಎಂಥ ಮಳೆಗೂ ತುಕ್ಕು ಹತ್ತದು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಬೇಕೇ ಬೇಕು. ಇಲ್ಲವಾದರೆ ಹುಳಿ ಪದಾರ್ಥ ಕೆಡುತ್ತದೆ. ಉಪ್ಪು, ಉಪ್ಪಿನಕಾಯಿಗಳಿಗೆ ಬಳಪದ ಕಲ್ಲಿನ ಮರಿಗೆಗೆ ಸಾಟಿಯಿಲ್ಲ. ಇದೇ ಜಿಲ್ಲೆಯ ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠಾಪನೆಗೊಂಡ ಚೆನ್ನಕೇಶವ ದೇಗುಲದ ಸೂಕ್ಷ್ಮ ಕೆತ್ತನೆ ಒಂಬತ್ತು ಶತಮಾನಗಳ ಮಳೆಗಾಳಿಗೆ ಮೈಯೊಡ್ಡಿ ನಿಂತಿರುವುದು ಇಂಥ ಬಳಪದ ಕಲ್ಲಿನಲ್ಲಿಯೇ.

ಹಾಗೆಂದು ಹೊಸದೆಲ್ಲವೂ ಹಗುರವೆಂದು ತಿಳಿಯಬೇಕಾಗಿಲ್ಲ. ಉತ್ತಮ ಸ್ಟೀಲ್ ಪಾತ್ರೆ ಮಲೆನಾಡಿನ ತೇವಕ್ಕೆ ಹೇಳಿಮಾಡಿಸಿದಂತಿದೆ. ಆದರೆ ಅಯಸ್ಕಾಂತ ಅಂಟದಿದ್ದರೆ ಅದು ಉತ್ತಮ ಸ್ಟೀಲ್ ಎಂಬ ನಂಬಿಕೆ ಪೂರ್ಣ ಸತ್ಯವಲ್ಲ. ನಿಕ್ಕಲ್ ಕಡಿಮೆಯಿರುವ ಅಗ್ಗದ ಬಗೆಗಳಿಗೂ ಅದು ಅಂಟದೇ ಇರಬಹುದು. ಆದ್ದರಿಂದ 304 ಎಂಬ ಗುರುತನ್ನು ನೋಡಿ, ತೂಕವನ್ನು ಕೈಯಲ್ಲಿ ಅಂದಾಜು ಮಾಡಿ, ಅಂಚು ಮಡಿಸಿದೆಯೇ, ಹಿಡಿಯ ಬೆಸುಗೆ ಗಟ್ಟಿಯಿದೆಯೇ ಎಂದು ಪರೀಕ್ಷಿಸಿ ಕೊಳ್ಳುವುದು ಲೇಸು. ಪ್ರೆಷರ್ ಕುಕ್ಕರಿಗೆ ಐ.ಎಸ್.ಐ. ಮುದ್ರೆ 2021ರ ಫೆಬ್ರವರಿಯಿಂದ ಕಡ್ಡಾಯವಾಗಿದೆ. ಮುದ್ರೆಯ ಜೊತೆಗೆ ಅದರ ರಬ್ಬರ್ ಉಂಗುರವೂ ವಾಲ್ವೂ ಹತ್ತಿರದ ಪೇಟೆಯಲ್ಲಿ ದೊರೆಯುವುವೇ ಎಂದು ಕೇಳಿಕೊಳ್ಳಬೇಕು.

ದಿನಬಳಕೆಯ ಸಣ್ಣ ಪುಟ್ಟ ವಸ್ತುಗಳಲ್ಲಿ ಇಲ್ಲಿ ಕೊಡೆಗೇ ಅಗ್ರಸ್ಥಾನ. ಮೂರು ಮಡಿಕೆಯ ಕೊಡೆ ಚೀಲದಲ್ಲಿ ಅಡಗುತ್ತದೆ, ನಿಜ. ಆದರೆ ಕೀಲುಗಳು ಹೆಚ್ಚಿದಷ್ಟೂ ತುಕ್ಕಿಗೂ ಮುರಿತಕ್ಕೂ ಎಡೆ ಹೆಚ್ಚು. ಗಾಳಿಮಳೆಗೆ ಉದ್ದ ಕೋಲಿನ ಕೊಡೆಯೇ ಸರಿ. 200 ರೂಪಾಯಿಯ ಕೊಡೆ ವರ್ಷಕ್ಕೊಂದರಂತೆ ಕೆಟ್ಟು, 600 ರೂಪಾಯಿಯದು ಆರು ಮಳೆಗಾಲ ಬಂದಿತೆಂದಿಟ್ಟುಕೊಳ್ಳೋಣ. ಅಗ್ಗದ್ದಕ್ಕೆ ಆರು ವರ್ಷಗಳಲ್ಲಿ ತೆತ್ತದ್ದು 1200 ರೂಪಾಯಿ! ಬೆಲೆಯನ್ನು ವರ್ಷಗಳಿಂದ ಭಾಗಿಸಿ ನೋಡುವುದೇ ಗೃಹಿಣಿಯ ನಿಜವಾದ ಲೆಕ್ಕ.

ನಮ್ಮ ಮನೆಗಳಲ್ಲಿ ಮೈಮೇಲೆ ಸದಾ ಇರುವ ಬೆಳ್ಳಿಯ ಕರಡಿಗೆಗೂ ಈ ವಿವೇಕ ಬೇಕು. ಅಪ್ಪಟ ಬೆಳ್ಳಿ ಮೆದುವಾದುದರಿಂದ ನೂರಕ್ಕೆ 7.5 ಭಾಗ ತಾಮ್ರ ಬೆರೆಸುವ ರೂಢಿಯಿದೆ. 925 ಎಂಬ ಸಂಖ್ಯೆಯ ಅರ್ಥ ಅದೇ. ಹಾಲ್‌ಮಾರ್ಕ್ ಇಲ್ಲದಿದ್ದರೆ ಶುದ್ಧತೆಯನ್ನೂ ತೂಕವನ್ನೂ ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಮುಚ್ಚಳ ಬಿಗಿಯಾಗಿ ಕೂರುವುದೇ, ದಾರ ಪೋಣಿಸುವ ಕೊಂಡಿಯ ಅಂಚು ನುಣುಪಾಗಿದೆಯೇ ಎಂದು ನೋಡಬೇಕು. ಹರಿತವಾದ ಅಂಚು ಶಿವದಾರವನ್ನು ದಿನದಿನವೂ ಸವೆಸುತ್ತದೆ.

ಮಗಳ ಮದುವೆಗೆಂದೋ ಹೊಸ ಮನೆಗೆಂದೋ ಹಳೆಯ ಕಂಚಿನ ತಟ್ಟೆ, ತಾಮ್ರದ ಹಂಡೆಗಳನ್ನು ಗುಜರಿಗೆ ತೂಗಿಸಿ ತೆಳು ಪಾತ್ರೆಗಳನ್ನು ಕೊಂಡುತರುವುದು ಹಲವೆಡೆ ನಡೆದಿದೆ. ಗುಜರಿಯವನು ಲೋಹದ ತೂಕಕ್ಕೆ ಬೆಲೆ ಕಟ್ಟುತ್ತಾನೆಯೇ ಹೊರತು ಎರಕದ ಕೆಲಸಕ್ಕಾಗಲಿ, ಅದು ಇನ್ನೂ ಬಾಳಬಹುದಾದ ವರ್ಷಗಳಿಗಾಗಲಿ ಅಲ್ಲ. ಹಾಗೆ ಮಾರಿದಾಗ ಪಾತ್ರೆಯ ಜೊತೆಗೆ ಅದನ್ನು ನೆಚ್ಚಿದ್ದ ಕಲಾಯಿಯವನ ಅನ್ನವೂ ಹೋಗುತ್ತದೆ. ಕೊಡೆ ಸರಿಪಡಿಸುವವನಿಗೂ, ಬುಟ್ಟಿ ಹೆಣೆಯುವ ಮೇದರಿಗೂ, ಕುಡುಗೋಲಿಗೆ ಹದ ಹಿಡಿಯುವ ಕಮ್ಮಾರನಿಗೂ ಕೆಲಸ ಕೊಡದೆ ಕೂತರೆ, ಬೇಕೆಂದಾಗ ಅವರು ಸಿಗುವುದೆಂತು? ಹನ್ನೆರಡನೆಯ ಶತಮಾನದಲ್ಲಿ ಬಿದಿರಿನ ಕಾಯಕದಿಂದ ದಾಸೋಹ ನಡೆಸಿದ ಮೇದಾರ ಕೇತಯ್ಯನವರನ್ನು ನೆನೆಯುವ ನಾವು ಆ ಕಾಯಕದವರಿಗೆ ಸಲ್ಲಿಸಬಹುದಾದ ಗೌರವವೆಂದರೆ, ಅವರ ಕೈಕೆಲಸವನ್ನು ಕೊಂಡು ಜೋಪಾನವಾಗಿ ಬಾಳಿಸುವುದು.

ಮಳೆಗಾಲಕ್ಕೆ ಮುನ್ನ, ಮೇ ತಿಂಗಳ ಬಿಸಿಲಿರುವಾಗಲೇ ಪ್ರತಿ ಮನೆಯವರೂ ಒಂದು ದಿನವನ್ನು ಇದಕ್ಕಾಗಿ ಮೀಸಲಿಡಲಿ. ಕಂಬಳಿಗಳು ಬಿಸಿಲು ಕಾಣಲಿ, ಮಂಚದ ಕಾಲ ಕೆಳಗೆ ಕಲ್ಲು ಬರಲಿ, ಕೊಡೆಯ ಕೀಲಿಗೆ ಹನಿ ಎಣ್ಣೆ ಬೀಳಲಿ, ಕಲಾಯಿ ಸವೆದ ಪಾತ್ರೆ ಪೇಟೆಗೆ ಹೋಗಿಬರಲಿ. ಹೊಸದನ್ನು ಕೊಳ್ಳುವ ಪಟ್ಟಿಯನ್ನು ಆ ಸಂಜೆ ಬರೆಯಿರಿ. ಬೆಳಿಗ್ಗೆ ನೆನೆದುದಕ್ಕಿಂತ ಆ ಪಟ್ಟಿ ಚಿಕ್ಕದಾಗಿರುತ್ತದೆ.