ಟ್ಯಾಂಕಿನ ಬಾಯಿಗೆ ಬಗ್ಗುವ ಮುನ್ನ

ಬೆಳಗಿನ ಜಾವ ನಾಲ್ಕು ಗಂಟೆ. ಗಡಗಿ ಚನ್ನಪ್ಪ ವೃತ್ತ ಹಿಂದೆ ಬಿತ್ತು, ಕಾರು ಕುರುಗೋಡಿನ ದಾರಿ ಹಿಡಿದಿದೆ. ಫೆಬ್ರವರಿಯ ಈ ಹೊತ್ತಿನಲ್ಲಿ ಬಳ್ಳಾರಿಯ ಬಿಸಿಲು ಎಲ್ಲಿ ಅಡಗಿರುತ್ತದೋ ತಿಳಿಯದು. ಅರ್ಧ ಇಳಿಸಿದ ಕಿಟಕಿಯ ಗಾಳಿ ನಿಮ್ಮ ಕಿವಿಯ ತುದಿ ಕಚ್ಚುತ್ತಿದೆ. ಅಂಗೈಯಲ್ಲಿ ಹಿಡಿದ ಚಹಾದ ಲೋಟ ಒಂದೇ ಬೆಚ್ಚಗಿದೆ.

ನಿನ್ನೆ ರಾತ್ರಿ ನಿದ್ದೆ ಕೆಡಿಸಿದ್ದು ಒಂದೇ ಪ್ರಶ್ನೆ: ಯಾವ ವೈನರಿ? ಹೆಸರಾದದ್ದು ಹತ್ತಿರವೇ ಇದೆ. ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ಕೃಸ್ಮಾ ಎಸ್ಟೇಟ್ಸ್ ಕೊಪ್ಪಳ ಜಿಲ್ಲೆಯದು; ಹಂಪಿ ಹಿಲ್ಸ್ ಎಂಬ ಹೆಸರು ವೈನ್ ಬಲ್ಲವರ ನಾಲಿಗೆಗೆ ಏರಿದ್ದು ಅದರಿಂದ. ನೀವು ಅದನ್ನು ಬಿಟ್ಟು ಇನ್ನೂ ದೂರ, ಕೃಷ್ಣೆಯಾಚೆ, ವಿಜಯಪುರದ ಮಗ್ಗುಲಿಗೆ ಹೊರಟಿದ್ದೀರಿ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದ ಮೇಲೆ ಆ ಸೀಮೆಯ ಕೆಲವು ದ್ರಾಕ್ಷಿ ಬೆಳೆಗಾರರು ಧೈರ್ಯ ಮಾಡಿ ಈ ಕಸುಬಿಗೆ ಇಳಿದರು. ಅಂಥ ಒಬ್ಬರು ಫೋನಿನಲ್ಲಿ ಆಡಿದ ಮಾತೇ ನಿಮ್ಮನ್ನು ಎಳೆದದ್ದು. "ಈ ವಾರ ಕೊಯ್ಲು ನಡದೈತ್ರಿ. ನಿಮ್ಮನ್ನ ಕುಂದ್ರಿಸಿ ಮಾತಾಡಸಾಕ ಪುರಸೊತ್ತಿಲ್ಲ. ನೋಡ್ತೀನಿ ಅಂದ್ರ ಬರ್ರಿ." ಪುರಸೊತ್ತಿಲ್ಲ ಎನ್ನುವ ವೈನರಿಗೇ ಹೋಗಬೇಕು. ಸುಗ್ಗಿಯ ದಿನ ಅತಿಥಿಗೆ ಸೋಫಾ ಹಾಕಿಡುವ ಕಡೆ ಗ್ಲಾಸು ಸಿಗುತ್ತದೆ, ದ್ರಾಕ್ಷಿ ಸಿಗುವುದಿಲ್ಲ.

ಎರಡನೆಯ ಆಯ್ಕೆ ಸ್ಟೀರಿಂಗಿನ ಮುಂದೆ ಕೂತಿದೆ. ನಿಮ್ಮ ಚಿಕ್ಕಮ್ಮನ ಮಗ; ಹನಿಯೂ ಮುಟ್ಟದವನು. ಅವನು ಒಪ್ಪದಿದ್ದರೆ ಈ ಪ್ರಯಾಣವೇ ಇರುತ್ತಿರಲಿಲ್ಲ. ಸಿರುಗುಪ್ಪದ ಮೇಲೆ ಹೋಗಿ ಸಿಂಧನೂರು ಮುಟ್ಟಬಹುದಿತ್ತು. ಆದರೆ ಆ ದಾರಿಗೆ ಬಿದ್ದರೆ ಭತ್ತದ ಲಾರಿಗಳ ಬೆನ್ನು ನೋಡುತ್ತ ತೆವಳಬೇಕು ಎಂದು ಅವನು ಕುರುಗೋಡು, ಕಂಪ್ಲಿ, ಗಂಗಾವತಿಯ ದಾರಿ ಹಿಡಿದಿದ್ದಾನೆ.

"ಅಣ್ಣ, ಸೀಟು ಸ್ವಲ್ಪ ಹಿಂದಕ್ಕೆ ಹಾಕ್ಕೊಂಡು ಮಲ್ಕೋ," ಎನ್ನುತ್ತಾನೆ. ನೀವು ಕಣ್ಣು ಮುಚ್ಚುತ್ತೀರಿ.

ಬ್ರೇಕು ಕಿರುಚುತ್ತದೆ. ಬೆಲ್ಟು ಎದೆಗೆ ಬಿಗಿಯುತ್ತದೆ. ಲೋಟ ಹಾರುತ್ತದೆ. ಮುಂದೆ, ಬಾನೆಟ್ಟಿನಿಂದ ಮಾರು ದೂರದಲ್ಲಿ, ಕತ್ತಲೇ ಗಟ್ಟಿಯಾಗಿ ನಿಂತಿದೆ: ದೀಪವಿಲ್ಲದ, ಹಿಂದೆ ಒಂದು ಕೆಂಪು ಪಟ್ಟಿಯೂ ಇಲ್ಲದ ಟ್ರ್ಯಾಕ್ಟರಿನ ಟ್ರೇಲರು. ಮೇಲೆ ಮೂಟೆಗಳು, ಮೂಟೆಗಳ ಮೇಲೆ ಮುದುರಿ ಮಲಗಿದ ಇಬ್ಬರು. ಅವರು ಎಚ್ಚರಾಗಲೂ ಇಲ್ಲ. ತಮ್ಮನ ಬೆರಳುಗಳು ಸ್ಟೀರಿಂಗನ್ನು ಬಿಡುತ್ತಿಲ್ಲ. ನಿಮ್ಮ ತೊಡೆಯ ಮೇಲೆ ಬಿಸಿ ಚಹಾ ಇಳಿಯುತ್ತಿರುವುದು ಗೊತ್ತಾಗಲು ಒಂದು ಗಳಿಗೆ ಬೇಕಾಗುತ್ತದೆ. ಹಗಲಿಗೂ ಮೊದಲೇ ಹೀಗಾದರೆ, ಸಂಜೆ ಇದೇ ದಾರಿಯಲ್ಲಿ ವೈನ್ ಕುಡಿದವನ ಕೈಯಲ್ಲಿ ಈ ಕಾರಿದ್ದರೆ? ಆ ಯೋಚನೆ ಹೊಟ್ಟೆಯಲ್ಲಿ ತಣ್ಣಗೆ ಕೂರುತ್ತದೆ.

ಕುರುಗೋಡು ಬಂದದ್ದು ಮೊದಲು ಮೂಗಿಗೆ ತಿಳಿಯುತ್ತದೆ. ಕಣದಲ್ಲಿ ಹರವಿದ ಕೆಂಪು ಮೆಣಸಿನಕಾಯಿಯ ಘಾಟು ಕಾರಿನೊಳಗೆ ನುಗ್ಗಿ, ಇಬ್ಬರೂ ಸೀನುತ್ತೀರಿ, ಸೀನುತ್ತಲೇ ನಗುತ್ತೀರಿ. ಎದೆಯ ಬಿಗಿ ಸಡಿಲುತ್ತದೆ. ಬಂಡೆಗುಡ್ಡಗಳ ಅಂಚು ಬೂದಿಬಣ್ಣಕ್ಕೆ ತಿರುಗಿದೆ. ದೊಡ್ಡಬಸವೇಶ್ವರನ ಊರು ಇನ್ನೂ ಎದ್ದಿಲ್ಲ.

ಕಂಪ್ಲಿ ಸೇತುವೆಯ ಮೇಲೆ ತುಂಗಭದ್ರೆಯ ತೇವ ಮುಖಕ್ಕೆ ತಟ್ಟುತ್ತದೆ. ಮಳೆಗಾಲದಲ್ಲಿ ಆಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಇದೇ ಸೇತುವೆ ಮುಳುಗಿ ದಾರಿ ಬಂದಾಗುತ್ತದೆ. ಇಂದು ಕೆಳಗೆ ಬಂಡೆಗಳ ನಡುವೆ ಸಣ್ಣ ಹರಿವು. ಇದೇ ನದಿಯ ಮೇಲ್ದಂಡೆಯಲ್ಲಿ ವಿಜಯನಗರದ ಪೇಟೆಯಿತ್ತು. ಸುಮಾರು 1520ರಲ್ಲಿ ಅಲ್ಲಿ ಓಡಾಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಒಂದು ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ ಸಿಗುತ್ತಿತ್ತೆಂದು ಬರೆದಿಟ್ಟಿದ್ದಾನೆ. ಈ ಬಿಸಿಲಿಗೆ ದ್ರಾಕ್ಷಿ ಹೊಸದಲ್ಲ.

ಗಂಗಾವತಿಯಲ್ಲಿ ಒಗ್ಗಾಣಿ–ಮಿರ್ಚಿ. ಕಾದ ಎಣ್ಣೆಯಿಂದ ಎದ್ದ ಮಿರ್ಚಿ ಪೇಪರಿನ ಮೇಲೆ ಚುರುಗುಡುತ್ತಿದೆ, ಬಾಯಲ್ಲಿ ನೀರು. ತಿಂದರೆ ನಾಲಿಗೆ ಮಧ್ಯಾಹ್ನದವರೆಗೂ ಉರಿಯುತ್ತದೆ. ಆಮೇಲೆ ಯಾವ ವೈನೂ ರುಚಿ ಹೇಳದು. ಮಿರ್ಚಿಯನ್ನು ತಮ್ಮನ ತಟ್ಟೆಗೆ ಸರಿಸಿ, ಬರೀ ಒಗ್ಗಾಣಿ ಮುಕ್ಕುತ್ತೀರಿ. ಬಳ್ಳಾರಿಯವರಿಗೆ ಇದು ಸಣ್ಣ ತ್ಯಾಗವಲ್ಲ.

ಕುಷ್ಟಗಿ, ಇಳಕಲ್, ಹುನಗುಂದ. ಹೆದ್ದಾರಿ ಚೊಕ್ಕಟವಾಗಿದೆ, ಹೇಳುವಂಥದ್ದೇನೂ ನಡೆಯುವುದಿಲ್ಲ. ಕೃಷ್ಣೆ ದಾಟಿ ಒಳದಾರಿಗೆ ಇಳಿದಾಗ ಒಂಬತ್ತು ದಾಟಿದೆ, ಬಿಸಿಲು ಕತ್ತಿಗೆ ಬಂದಿದೆ.

ಮೊದಲು ಕಾಣುವುದು ಚಪ್ಪರದ ದ್ರಾಕ್ಷಿ, ಒಣದ್ರಾಕ್ಷಿಗೆ ಹೋಗುವಂಥದ್ದು. ವೈನಿನ ದ್ರಾಕ್ಷಿ ಅದರಾಚೆ, ತಂತಿಗೆ ಹಬ್ಬಿಸಿದ ಸಾಲುಗಳಲ್ಲಿದೆ. ಕಾಲಡಿ ಗರಸು ಮಣ್ಣು, ಚಪ್ಪಲಿಯೊಳಗೆ ಕಲ್ಲು ಚುಚ್ಚುತ್ತದೆ. ಸಿರುಗುಪ್ಪದ ಗದ್ದೆಯ ಹಾಗೆ ನೀರು ನಿಂತರೆ ಈ ಬಳ್ಳಿಯ ಬೇರಿಗೆ ಉಸಿರು ಕಟ್ಟುತ್ತದೆ. ಕೊಂಚ ಹಸಿದ ನೆಲವೇ ಅದಕ್ಕೆ ಹಿತ. ಶಿರಾಜ್ ಹಣ್ಣೊಂದನ್ನು ಬಾಯಿಗೆ ಹಾಕುತ್ತೀರಿ. ಕಾಳು ಸಣ್ಣದು, ಸಿಪ್ಪೆ ದಪ್ಪ, ಬೀಜ ಹಲ್ಲಿಗೆ ಕಟಕ್ಕೆನ್ನುತ್ತದೆ. ಮೊದಲು ಸಿಹಿ ತುಂಬುತ್ತದೆ, ಆಮೇಲೆ ಒಗರು ನಾಲಿಗೆಯನ್ನು ಎರಡೂ ಬದಿಯಿಂದ ಹಿಡಿದು ಒಣಗಿಸುತ್ತದೆ. ವೈನಿಗೆ ಬಣ್ಣವೂ ಬಿಗುವೂ ಬರುವುದು ಈ ಸಿಪ್ಪೆಯಿಂದ. ಕೊಯ್ಯುವ ಹೆಂಗಸರ ಬೆರಳುಗಳು ನೇರಳೆಗಟ್ಟಿವೆ. ತಣ್ಣನೆ ಹಣ್ಣು ಸಿಗಲೆಂದು ಅವರು ನಸುಕಿನಲ್ಲೇ ಶುರು ಮಾಡಿದ್ದಾರೆ.

ಶೆಡ್ಡಿನೊಳಗೆ ಕತ್ತಲು, ಯಂತ್ರದ ಗಡಗಡ, ತೊಟ್ಟು ಬಿಡಿಸಿಕೊಂಡ ಹಣ್ಣು ಪೈಪಿನಲ್ಲಿ ಬುಳಬುಳ ಹರಿಯುವ ಸದ್ದು. ದೋಸೆಹಿಟ್ಟು ಹುಳಿ ಬಂದ ಬೆಳಗಿನ ಅಡುಗೆಮನೆಯ ವಾಸನೆಯೇ, ನೂರು ಪಟ್ಟು. ಮೂಲೆಯ ಟ್ಯಾಂಕಿನಲ್ಲಿ ಮೂರು ದಿನದ ರಸ ಹುದುಗುತ್ತಿದೆ. ಟ್ಯಾಂಕಿಗೆ ಏಣಿ ಒರಗಿಸಿದೆ. ನೀವು ಹತ್ತುತ್ತೀರಿ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಸಿಪ್ಪೆಗಳು ಗಟ್ಟಿ ಪದರವಾಗಿ ಮೇಲೆದ್ದಿವೆ, ಬಿರುಕುಗಳಲ್ಲಿ ಗುಲಾಬಿ ನೊರೆ ಉಸಿರಾಡುತ್ತಿದೆ. ಇನ್ನೂ ಹತ್ತಿರದಿಂದ ಕೇಳಬೇಕೆನಿಸುತ್ತದೆ. ಬಗ್ಗುತ್ತೀರಿ.

ಮೂಗಿಗೆ ಸೂಜಿ. ಕಣ್ಣು ಉರಿ. ಉಸಿರೆಳೆಯುತ್ತೀರಿ, ಎದೆ ತುಂಬುವುದಿಲ್ಲ. ಮತ್ತೆ ಎಳೆಯುತ್ತೀರಿ. ಇಲ್ಲ. ಕಿವಿಯಲ್ಲಿ ಗುಂಯ್ ಎನ್ನುತ್ತದೆ, ಮೊಣಕಾಲು ಏಣಿಯ ಮೇಲಿರುವುದು ಮರೆಯುತ್ತದೆ.

"ಯಣ್ಣಾ, ಬಗ್ಗಬ್ಯಾಡ!"

ಅಂಗಿಯ ಬೆನ್ನು ಯಾರದೋ ಮುಷ್ಟಿಯಲ್ಲಿದೆ. ಕೆಳಗಿಳಿಸಿ, ಬಾಗಿಲಾಚೆ ದಬ್ಬಿ, ಬಿಸಿಲಿನಲ್ಲಿ ಕೂರಿಸುತ್ತಾರೆ. ಗಾಳಿ ಒಳಗಿಳಿಯುತ್ತದೆ, ಒಣ, ಧೂಳಿನ, ಅಮೃತದಂಥ ಗಾಳಿ. ಎಳೆದವಳು ಸಿಪ್ಪೆ ತೆಗೆಯುವ ಕೆಲಸದ ಹೆಂಗಸು. "ಮ್ಯಾಲ ಕಾಣಾಂಗಿಲ್ರಿ, ಒಳಗ ಗ್ಯಾಸ್ ಕುಂತಿರ್ತೈತಿ," ಎನ್ನುತ್ತ ನೀರಿನ ತಂಬಿಗೆ ಕೊಡುತ್ತಾಳೆ. ಒಂದು ಲೀಟರ್ ರಸ ಹುದುಗಿ ಮುಗಿಯುವಷ್ಟರಲ್ಲಿ 40 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗಾಳಿಗಿಂತ ಭಾರವಾದ್ದರಿಂದ ಟ್ಯಾಂಕಿನೊಳಗೆ, ಶೆಡ್ಡಿನ ತಗ್ಗಿನಲ್ಲಿ ಕಾಣದಂತೆ ಮಲಗಿರುತ್ತದೆ. ಖಾಲಿ ಟ್ಯಾಂಕು ತೊಳೆಯಲು ಇಳಿದವರು, ಅವರನ್ನು ಎತ್ತಲು ಇಳಿದವರು ಹೀಗೇ ಪ್ರಾಣ ಬಿಡುತ್ತಾರೆ. ವೈನಿನ ಬಾಟಲಿಯ ಹಿಂದೆ ಈ ಅಪಾಯವನ್ನು ದಿನವೂ ಉಸಿರಾಡುವ ಕೂಲಿಯವರಿದ್ದಾರೆ. ಹೋದ ಕಡೆ ಮೊದಲು ಕೇಳಬೇಕಾದ್ದು ಅದು: ಫ್ಯಾನು ತಿರುಗುತ್ತಿದೆಯೇ, ಬಾಗಿಲು ತೆರೆದಿದೆಯೇ, ಒಬ್ಬರನ್ನೇ ಒಳಗೆ ಬಿಡುತ್ತೀರಾ?

ಮಧ್ಯಾಹ್ನ, ಬೇವಿನ ನೆರಳು. ಮಾಲೀಕರು ಹೋದ ವರ್ಷದ ಶಿರಾಜ್ ಸುರಿಯುತ್ತಾರೆ. ಬಾಯಲ್ಲಿ ಹೊರಳಿಸಿ ಉಗುಳಲು ಬಕೆಟ್ಟಿದೆ; ನುಂಗಿದರೆ ಎಷ್ಟು, ಎಂಬ ಲೆಕ್ಕ ಈಗ ನಿಮ್ಮದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ವಾಹನ ಓಡಿಸುವುದು ಅಪರಾಧ. ತಮ್ಮನಿದ್ದಾನೆ, ಆದರೂ ಅವನಿಗೆ ದಣಿವಾದರೆ ನೀವೇ ಕೂರಬೇಕು. ಉಗುಳುತ್ತೀರಿ. ಕಪ್ಪು ಹಣ್ಣಿನ ವಾಸನೆ ಚೆನ್ನಾಗಿದೆ. ಕೊನೆಯಲ್ಲಿ ಗಂಟಲು ಸುಡುತ್ತದೆ.

"ಹೆಂಗೈತ್ರಿ?"

ಅವರ ಕಣ್ಣು ನಿಮ್ಮ ಮುಖ ಬಿಡುತ್ತಿಲ್ಲ. ಚೆನ್ನಾಗಿದೆ ಎಂದುಬಿಟ್ಟರೆ ಸುಲಭ. "ವಾಸನೆ ಇಷ್ಟವಾಯ್ತು. ಆದರೆ ನುಂಗುವ ಹೊತ್ತಿಗೆ ಸುಡುತ್ತೆ," ಎನ್ನುತ್ತೀರಿ.

ಅವರು ಗ್ಲಾಸು ಕೆಳಗಿಡುತ್ತಾರೆ. ಸಿಟ್ಟು ಬಂತೇನೋ ಎಂದು ನಿಮ್ಮ ಹೊಟ್ಟೆ ಬಿಗಿಯುತ್ತದೆ. "ಖರೇ ಐತ್ರಿ. ಹೋದ ಸಲ ಕೊಯ್ಯೂದು ತಡ ಆತು. ಬಿಸಿಲಿಗೆ ಸಕ್ಕರಿ ಏರಿಬಿಡ್ತು, ಅದೆಲ್ಲಾ ಆಲ್ಕೋಹಾಲೇ ಆತು." ಎದ್ದು ಸಾಲಿನ ಕಡೆ ನಡೆಯುತ್ತಾರೆ, ನೀವು ಹಿಂದೆ. ಇನ್ನೂ ಕೊಯ್ಯದ ಬಳ್ಳಿಯಿಂದ ಒಂದು ಕಾಳು ಹಿಂಡಿ, ಸಕ್ಕರೆ ಅಳೆಯುವ ಪುಟ್ಟ ದುರ್ಬೀನಿನ ಗಾಜಿಗೆ ಹನಿ ಬಿಟ್ಟು ನಿಮ್ಮ ಕೈಗೆ ಕೊಡುತ್ತಾರೆ. ಬಿಸಿಲಿಗೆ ಹಿಡಿಯುತ್ತೀರಿ. ನೀಲಿ ಗೆರೆ 23ರ ಮೇಲೆ ನಿಂತಿದೆ.

"ಇನ್ನೆರಡು ದಿನ ಬಿಡೂನೋ, ನಾಳೆ ಕೊಯ್ಯೂನೋ?" ಅವರು ಕೇಳುತ್ತಿರುವುದು ತಮ್ಮನ್ನೇ. ಮತ್ತೊಂದು ಕಾಳು ಕಿತ್ತು ಅಗಿದು, ಬೀಜ ಅಂಗೈಗೆ ಉಗುಳಿ ಬಣ್ಣ ನೋಡುತ್ತಾರೆ: ಕಂದು. ಆಮೇಲೆ ಸಾಲಿನ ತುದಿಗೆ ತಿರುಗಿ ಕೂಗುತ್ತಾರೆ, "ನಾಳೆ ನಾಲ್ಕಕ್ಕ ಎಲ್ಲಾರೂ ಬರ್ರಿ, ಈ ಕಡೇದೂ ಕೊಯ್ಯೂದೈತಿ!"