ಹೋದದ್ದಲ್ಲ, ಕಾಣದಿದ್ದದ್ದು

ಮಕ್ಕಳೇ, ದೋಸೆ ಹಂಚಿಗೆ ಅಂಟಿಕೊಂಡರೆ ಅಮ್ಮ ಹಿಟ್ಟನ್ನೆಲ್ಲ ಚೆಲ್ಲುತ್ತಾರೆಯೇ? ಇಲ್ಲ. ಬೇರೆ ಹಂಚಿನ ಮೇಲೆ ಒಂದು ದೋಸೆ ಹಾಕಿ ನೋಡುತ್ತಾರೆ. ಅಲ್ಲಿ ಚೆನ್ನಾಗಿ ಎದ್ದರೆ ತಪ್ಪು ಹಿಟ್ಟಿನದಲ್ಲ, ಮೊದಲ ಹಂಚಿನದು. ನಾನು ಬೆಣ್ಣೆದೋಸೆಯ ಊರಾದ ದಾವಣಗೆರೆಯವನು. ಗಣಕಯಂತ್ರ ಕೆಟ್ಟಾಗಲೂ ಇದೇ ಉಪಾಯ ಬಳಸುತ್ತೇನೆ.

ಹರಿಹರದಲ್ಲಿರುವ ನನ್ನ ಅಕ್ಕ ಹೊಲಿಗೆ ಕೆಲಸ ಮಾಡುತ್ತಾಳೆ. ಅವಳ ಗಣಕದಲ್ಲಿರುವುದು ಲಿನಕ್ಸ್. ಅದರಲ್ಲಿ ಅಂತರಜಾಲ ನೋಡುವ ತಂತ್ರಾಂಶವಾದ ಫೈರ್‌ಫಾಕ್ಸ್‌ನಲ್ಲಿ ಪುಟಗಳು ಅರ್ಧಕ್ಕೇ ನಿಲ್ಲುತ್ತಿದ್ದವು. “ಎಲ್ಲಾ ಅಳಿಸಿ ಹೊಸದಾಗಿ ಹಾಕೋ” ಎಂದಳು. ನಾನು ಅವಸರ ಮಾಡಲಿಲ್ಲ. ಏಕೆ ಗೊತ್ತೇ?

ನಾವು ಗುರುತು ಮಾಡಿಟ್ಟ ಪುಟಗಳು, ನೋಡಿದ ಪುಟಗಳ ಪಟ್ಟಿ, ಉಳಿಸಿದ ಪಾಸ್‌ವರ್ಡ್‌ಗಳು ಎಲ್ಲವನ್ನೂ ಫೈರ್‌ಫಾಕ್ಸ್ ಒಂದು ಫೋಲ್ಡರಿನಲ್ಲಿ ಇಡುತ್ತದೆ. ಇದಕ್ಕೆ ‘ಪ್ರೊಫೈಲ್’ ಎಂದು ಹೆಸರು. ಲಿನಕ್ಸ್‌ನಲ್ಲಿ ಚುಕ್ಕಿಯಿಂದ ಆರಂಭವಾಗುವ ಹೆಸರಿನ ಫೋಲ್ಡರುಗಳು ಸುಮ್ಮನೆ ಕಣ್ಣಿಗೆ ಬೀಳುವುದಿಲ್ಲ. ಪ್ರೊಫೈಲ್ ಸಾಮಾನ್ಯವಾಗಿ ಅಂಥದರೊಳಗೇ ಇರುತ್ತದೆ. ಅಕ್ಕ ವರ್ಷಗಟ್ಟಲೆ ಕೂಡಿಸಿದ ಕಸೂತಿ ವಿನ್ಯಾಸಗಳ ಗುರುತುಗಳೆಲ್ಲ ಅಲ್ಲಿದ್ದವು.

ಮೊದಲು ಫೈರ್‌ಫಾಕ್ಸನ್ನು ಪೂರ್ತಿ ಮುಚ್ಚಿದೆ. ತೆರೆದಿದ್ದರೆ ಕಡತಗಳು ಬದಲಾಗುತ್ತಲೇ ಇರುತ್ತವೆ, ಪ್ರತಿ ಸರಿಯಾಗಿ ಬರುವುದಿಲ್ಲ. ಆಮೇಲೆ ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿದೆ. ನಂತರ ಒಂದು ಹೊಸ ಪ್ರೊಫೈಲ್ ಮಾಡಿ ಅದರಲ್ಲಿ ತೆರೆದೆ. ಪುಟಗಳು ಸರಾಗವಾಗಿ ಬಂದವು! ತಪ್ಪು ಹಳೆಯ ಪ್ರೊಫೈಲಿನಲ್ಲಿದೆ ಎಂದಾಯಿತು. ಅದನ್ನು ತೆರೆದು, ಆಡ್-ಆನ್ ಎಂಬ ಹೆಚ್ಚುವರಿ ತಂತ್ರಾಂಶಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದೆ. ಮೂರನೆಯದನ್ನು ನಿಲ್ಲಿಸಿದಾಗ ತೊಂದರೆ ಹೋಯಿತು. ಸಂತೋಷದಿಂದ ಬಸ್ಸು ಹತ್ತಿ ದಾವಣಗೆರೆಗೆ ಬಂದೆ.

ಮರುದಿನ ಬೆಳಿಗ್ಗೆಯೇ ಅಕ್ಕನ ಫೋನು. “ಏನ್ ಮಾಡಿಟ್ಟು ಹೋದ್ಯೋ? ನನ್ನ ಡಿಸೈನ್ ಒಂದೂ ಇಲ್ಲ!” ಅವಳ ದನಿ ನಡುಗುತ್ತಿತ್ತು. ನನ್ನ ಎದೆಯೂ ಧಸಕ್ಕೆಂದಿತು. ಆಮೇಲೆ ಹೊಳೆಯಿತು. ಹೊಸ ಪ್ರೊಫೈಲ್ ಮಾಡಿದಾಗ ಮುಂದಿನ ಸಲ ಫೈರ್‌ಫಾಕ್ಸ್ ಅದರಲ್ಲೇ ತೆರೆದುಕೊಳ್ಳುತ್ತದೆ. ಹಳೆಯದನ್ನೇ ಬಳಸು ಎಂದು ನಾನು ಮತ್ತೆ ಹೇಳಿಟ್ಟು ಬಂದಿರಲಿಲ್ಲ. ತಪ್ಪು ನನ್ನದೇ.

“ಅಕ್ಕಾ, ಏನನ್ನೂ ಅಳಿಸಬೇಡ” ಎಂದು ಹೇಳಿ, ಫೋನಿನಲ್ಲೇ ಹಳೆಯ ಪ್ರೊಫೈಲನ್ನು ಆರಿಸುವುದು ಹೇಗೆಂದು ತಿಳಿಸಿದೆ. ಎಲ್ಲ ವಿನ್ಯಾಸಗಳೂ ಮರಳಿದವು.

ಅಕ್ಕ ಗಾಬರಿಯಲ್ಲಿ ಹಳೆಯ ಪ್ರೊಫೈಲನ್ನು ತೆಗೆಯಲು ಹೊರಟಿದ್ದರೆ? ‘ಕಡತಗಳನ್ನೂ ಅಳಿಸಲೇ?’ ಎಂದು ಫೈರ್‌ಫಾಕ್ಸ್ ಕೇಳುತ್ತದೆ. ಒಪ್ಪಿದ್ದರೆ ಪೆನ್‌ಡ್ರೈವ್‌ನಲ್ಲಿದ್ದ ಪ್ರತಿಯೊಂದೇ ಗತಿಯಾಗುತ್ತಿತ್ತು. ಅದರಲ್ಲಿ ಪಾಸ್‌ವರ್ಡ್‌ಗಳೂ ಇರುವುದರಿಂದ ಅಕ್ಕ ಅದನ್ನು ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದಾಳೆ.

ನಿಮ್ಮ ಶಾಲೆಯ ಗಣಕದಲ್ಲಿ ಏನಾದರೂ ಕಾಣದಾದರೆ ನೀವೇನು ಮಾಡುತ್ತೀರಿ? ಅಳಿಸುವ ಗುಂಡಿ ಒತ್ತುವ ಮೊದಲು ಶಿಕ್ಷಕರನ್ನು ಕರೆದು ಕೇಳುತ್ತೀರಲ್ಲವೇ?